ಶಿರಸಿಯಿಂದ ಸರಕು ಕಳಿಸುವುದು: ಯಾವ ಮಾಲಿಗೆ ಯಾವ ದಾರಿ, ಯಾವ ಗಾಡಿ?
(ಇದೊಂದು ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಬನವಾಸಿ ರಸ್ತೆ:
ಶಿರಸಿಗೆ ರೈಲೂ ಇಲ್ಲ, ಬಂದರೂ ಇಲ್ಲ. ಆದರೂ ಇಲ್ಲಿಂದ ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ಗುಜರಾತಿಗೆ ಹೋಗ್ತದೆ, ರಾಶಿ ಅಡಿಕೆ (ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದ್ದು) ಉತ್ತರ ಭಾರತಕ್ಕೆ ಹೋಗ್ತದೆ. ಕಾಳುಮೆಣಸು, ಜೇನು, ಜೋನಿ ಬೆಲ್ಲ (ನೀರಾದ ಬೆಲ್ಲ), ಅಪ್ಪೆಮಿಡಿ (ಉಪ್ಪಿನಕಾಯಿಯ ಮಾವಿನ ಮಿಡಿ), ಹಲಸಿನ ಹಪ್ಪಳ ಎಲ್ಲ ಬೆಂಗಳೂರಿನ ಮನೆಗಳನ್ನು ಮುಟ್ಟುತ್ತವೆ. ಹೊಸದಾಗಿ ಶುರುಮಾಡುವವರು ಮೊದಲು ಕೇಳುವುದು ಯಾವ ಕೊರಿಯರ್ ಅಗ್ಗ ಅಂತ. ಅದಕ್ಕಿಂತ ಮೊದಲು ವಿಚಾರ ಮಾಡಬೇಕಾದ್ದು ಮಾಲು ಊರು ಬಿಟ್ಟು ಹೆದ್ದಾರಿಯನ್ನೋ ರೈಲನ್ನೋ ಮುಟ್ಟುವ ಮೊದಲ ನೂರು ಕಿಲೋಮೀಟರಿನ ಬಗ್ಗೆ. ತಡ ಆಗುವುದು, ಒದ್ದೆ ಆಗುವುದು, ಒಡೆಯುವುದು ಬಹುಪಾಲು ಅಲ್ಲೇ.

ದಾರಿಗಳು ಹೀಗಿವೆ (ದೂರ ಅಂದಾಜು):
ಹಾವೇರಿಗೆ 75 ಕಿ.ಮೀ. ಘಟ್ಟ ಇಳಿಯುವ ಕೆಲಸವಿಲ್ಲ. ಅಲ್ಲಿ ಬೆಂಗಳೂರು–ಪುಣೆ ಹೆದ್ದಾರಿ 48 ಸಿಗ್ತದೆ, ರೈಲೂ ಇದೆ.
ಮುಂಡಗೋಡ, ತಡಸ ಮೇಲೆ ಹುಬ್ಬಳ್ಳಿಗೆ 100 ಕಿ.ಮೀ. ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಗಳ ಗೋಡೌನು, ರೈಲ್ವೆ ಪಾರ್ಸೆಲ್, ವಿಮಾನ ನಿಲ್ದಾಣ ಎಲ್ಲ ಅಲ್ಲಿ.
ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ 60 ಕಿ.ಮೀ. ಹೆದ್ದಾರಿ 66 ಮತ್ತು ಕೊಂಕಣ ರೈಲ್ವೆ. ಮಂಗಳೂರು, ಗೋವಾ, ಕೇರಳದ ಕಡೆ ಹೋಗುವ ಮಾಲಿಗೆ ಇದೇ ಹತ್ತಿರ.
ಸಿದ್ದಾಪುರದ ಮೇಲೆ ತಾಳಗುಪ್ಪಕ್ಕೆ 55 ಕಿ.ಮೀ. ಬೆಂಗಳೂರು, ಮೈಸೂರು ರೈಲುಗಳ ಕೊನೆಯ ನಿಲ್ದಾಣ. ಪ್ರಯಾಣಿಕರಿಗೆ ಒಳ್ಳೆಯದು, ಸರಕಿಗೆ ಅಷ್ಟಾಗಿ ಒದಗುವುದಿಲ್ಲ.

ಒಬ್ಬೊಬ್ಬರು ತಮಗೆ ಗೊತ್ತಿರುವ ಭಾಗ ಸೇರಿಸಿದರೆ ಎಲ್ಲ ಒಂದೇ ಕಡೆ ಸಿಕ್ಕೀತು.

ದೇವಿಮನೆ ತಿರುವು:
ಘಟ್ಟದ ವಿಷಯ ನಾನು ಬರೆಯುತ್ತೇನೆ, ಮಳೆಗಾಲದ ಲೆಕ್ಕ ಅರ್ಧ ಇಲ್ಲೇ ಇದೆ.

ಕುಮಟಾ–ಶಿರಸಿ–ಹಾವೇರಿ ಈಗ 766ಇ ಹೆದ್ದಾರಿ. ಅಗಲ ಮಾಡುವ ಕಾಮಗಾರಿಗಾಗಿ ಕುಮಟಾ ಕಡೆಯ ಭಾಗವನ್ನು ಆಗಾಗ ಮುಚ್ಚಿದ್ದಾರೆ. ಜೋರು ಮಳೆಯಲ್ಲಿ ಭಾರಿ ವಾಹನ ಬಿಡಬಾರದೆಂದು ಜಿಲ್ಲಾಧಿಕಾರಿಗಳ ಆದೇಶ ಬರುವುದೂ ಉಂಟು. ಗಾಡಿ ತುಂಬುವ ದಿನ ಬೆಳಿಗ್ಗೆಯೇ ವಿಚಾರಿಸಿ, ಹಿಂದಿನ ವಾರದ ಸುದ್ದಿ ನಂಬಿ ಹೊರಡಬೇಡಿ. ಘಟ್ಟ ತೆರೆದಿದ್ದರೂ ಕೆಳಗೆ ಕತಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿದರೆ ರಸ್ತೆ ಮೇಲೆ ನೀರು ನಿಲ್ಲುತ್ತದೆ. ಆಗ ಇಳಿದ ಲಾರಿ ಮುಂದೆಯೂ ಹೋಗುವಂತಿಲ್ಲ, ಹಿಂದೆಯೂ ತಿರುಗುವಂತಿಲ್ಲ.

ದೇವಿಮನೆ ಮುಚ್ಚಿದರೆ ಮೂರು ದಾರಿ ಉಳಿಯುತ್ತವೆ. ಭಾರಿ ಲಾರಿಗೆ ಯಲ್ಲಾಪುರಕ್ಕೆ ಹೋಗಿ ಅರಬೈಲು ಘಟ್ಟದಲ್ಲಿ ಅಂಕೋಲಾಕ್ಕೆ ಇಳಿಯುವುದು. ಸುತ್ತು ಹೆಚ್ಚು, ಆದರೆ ಹೆದ್ದಾರಿ 52 ದೊಡ್ಡ ಗಾಡಿ ಓಡುವ ರಸ್ತೆ. ಎರಡನೆಯದು ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪೆ ಮೇಲೆ ಹೊನ್ನಾವರ. ಮೂರನೆಯದು ಸಿದ್ದಾಪುರದಿಂದ ದೊಡ್ಡಮನೆ ಘಟ್ಟ ಇಳಿದು ಕುಮಟಾ, ಇದು ಪಿಕಪ್, ಟೆಂಪೋದಂಥ ಸಣ್ಣ ಗಾಡಿಗೆ ಮಾತ್ರ. ಉದ್ದ ಚಾಸಿಯ ಲಾರಿ ಅಲ್ಲಿ ತಿರುವಿನಲ್ಲಿ ಸಿಕ್ಕಿಕೊಂಡರೆ ಎರಡೂ ಕಡೆ ದಾರಿ ಕಟ್ಟಿಹೋಗ್ತದೆ.

ಕರಾವಳಿ ಮುಟ್ಟಿದರೆ ಮುಗಿಯಿತು ಅಂತಲೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು, ಜೀವಗಳೂ ಹೋದವು. ಮುಂದಿನ ತಿಂಗಳು 7ಕ್ಕೆ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಜೂನ್ ನಡುವಿನಿಂದ ಸೆಪ್ಟೆಂಬರ್ ತನಕ ಗೋವಾ, ಮುಂಬೈ ಮಾಲನ್ನು ಕೂಡ ಹುಬ್ಬಳ್ಳಿ ಮೇಲೆಯೇ ಕಳಿಸಿ ಎನ್ನುವುದು ನನ್ನ ಖಡಾಖಂಡಿತ ಸಲಹೆ. ಬಾಡಿಗೆ ಸ್ವಲ್ಪ ಹೆಚ್ಚಾದೀತು. ಚಾಲಕನ ಜೀವ, ಮಾಲು ಎರಡೂ ಸುರಕ್ಷಿತ.

ಹಪ್ಪಳದ ಪೆಟ್ಟಿಗೆ:
ದೊಡ್ಡ ಲಾರಿ ಲೆಕ್ಕ ಬೇಡ. ತಿಂಗಳಿಗೆ 40–50 ಪೆಟ್ಟಿಗೆ, ಒಂದೊಂದು 2ರಿಂದ 5 ಕೆ.ಜಿ., ಹೆಚ್ಚಿನವು ಬೆಂಗಳೂರಿಗೆ. ಹಪ್ಪಳ, ಜೇನು, ಉಪ್ಪಿನಕಾಯಿ. ಅಂಚೆಯೋ ಕೊರಿಯರೋ ಬಸ್ಸೋ?

ಅಂಚೆ ಚೀಲ:
ಅಕ್ಕಾ, ಮೂರಕ್ಕೂ ಮೂರು ಉತ್ತರ.

ಹಪ್ಪಳ ಹಗುರ, ಜಾಗ ಜಾಸ್ತಿ. ಕೊರಿಯರಿನವರು ತಕ್ಕಡಿಯ ತೂಕ ಒಂದನ್ನೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 3 ಕೆ.ಜಿ. ಹಪ್ಪಳವನ್ನು 40×40×30ರ ಪೆಟ್ಟಿಗೆಯಲ್ಲಿ ಹಾಕಿದರೆ 48,000 ಭಾಗಿಸು 5000, ಅಂದರೆ 9.6 ಕೆ.ಜಿ. ದರ ಬೀಳುತ್ತದೆ. ಅದೇ ಮಾಲು 30×30×20ರಲ್ಲಿ ಹಿಡಿದರೆ 3.6 ಕೆ.ಜಿ. ಮೊದಲು ಪೆಟ್ಟಿಗೆ ಕೊಂಡು ಆಮೇಲೆ ಮಾಲು ತುಂಬಬೇಡಿ. ಹಪ್ಪಳದ ಕಟ್ಟಿನ ಅಳತೆಗೆ ಎಲ್ಲ ಬದಿಗೂ ಎರಡು ಬೆರಳು ಸೇರಿಸಿ ಪೆಟ್ಟಿಗೆ ಹೇಳಿ ಮಾಡಿಸಿ.

ಜೇನು ತೂಕದ್ದು. 1 ಕೆ.ಜಿ. ಜೇನು ಸುಮಾರು 700 ಮಿಲಿ ಜಾಗದಲ್ಲಿ ಕೂರುತ್ತದೆ, ಹಾಗಾಗಿ ಗಾತ್ರದ ಲೆಕ್ಕ ನಿಮಗೆ ತಾಗುವುದಿಲ್ಲ. ಸ್ಪೀಡ್ ಪೋಸ್ಟ್ ಪಾರ್ಸೆಲ್ 35 ಕೆ.ಜಿ. ತನಕ ಹೋಗ್ತದೆ. ಅಂಚೆಯ ದೊಡ್ಡ ಬಲ ಅಂದರೆ ಹಳ್ಳಿಯ ಗಿರಾಕಿ. ಖಾಸಗಿಯವರು ತಾಲೂಕು ಕೇಂದ್ರದಲ್ಲೇ ನಿಲ್ಲಿಸಿ ಬಂದು ತಗೊಂಡು ಹೋಗಿ ಅನ್ನುವ ಊರಿಗೂ ಅಂಚೆಯವರು ಮನೆ ತನಕ ಒಯ್ಯುತ್ತಾರೆ. ಪಿನ್ ಕೋಡ್ ಸರಿ ಇರಬೇಕು ಅಷ್ಟೆ. ಪೇಟೆಯ ಪಿನ್ 581401. ಸುತ್ತಲ ಹಳ್ಳಿಗಳ ಪಿನ್ ಬೇರೆ ಇರುತ್ತದೆ, ಊರು ಹತ್ತಿರವಿದೆ ಅಂತ ಪೇಟೆಯದ್ದೇ ಬರೆದರೆ ಚೀಲ ಬೇರೆ ಕಚೇರಿಗೆ ಹೋಗಿ ಮರಳಿ ಬರಬೇಕಾಗ್ತದೆ.

ಕೊಡುವ ಜಾಗವೂ ಮುಖ್ಯ. ಹಳ್ಳಿಯ ಶಾಖಾ ಕಚೇರಿಯಲ್ಲಿ ಕೊಟ್ಟ ಪಾರ್ಸೆಲ್ ಮೊದಲು ಮೇಲಿನ ಕಚೇರಿಗೆ ಬಂದು ಅಲ್ಲಿಂದ ಮುಂದಿನ ಚೀಲಕ್ಕೆ ಸೇರಬೇಕು. ಶಿರಸಿ ಪ್ರಧಾನ ಅಂಚೆ ಕಚೇರಿಗೆ ನೇರ ತಂದು, ಅಂದಿನ ಚೀಲ ಕಟ್ಟುವ ಹೊತ್ತಿಗೆ ಮೊದಲೇ ಕೊಟ್ಟರೆ ಒಂದು ದಿನ ಉಳಿಯುತ್ತದೆ. ಆ ಹೊತ್ತು ಎಷ್ಟು ಗಂಟೆ ಅಂತ ಕೌಂಟರಿನಲ್ಲೇ ಕೇಳಿಕೊಳ್ಳಿ. ತಿಂಗಳಿಗೆ 50 ಪಾರ್ಸೆಲ್ ಇದ್ದರೆ ಪಾರ್ಸೆಲ್ ಒಪ್ಪಂದದ ಬಗ್ಗೆಯೂ ವಿಚಾರಿಸಿ.

ಉಪ್ಪಿನಕಾಯಿ ಬೇರೆಯದೇ ಅಧ್ಯಾಯ, ಗೊತ್ತಿದ್ದವರು ಬರೆಯಲಿ.

ಉಪ್ಪುನೀರು:
ಉಪ್ಪಿನಕಾಯಿ ಸೋರುವುದು ಮುಚ್ಚಳದಲ್ಲಿ. ಪೆಟ್ಟಿಗೆ ಮೇಲೆ ಬಾಣದ ಗುರುತು ಹಾಕಿದರೆ ಎಲ್ಲರೂ ನೆಟ್ಟಗೆ ಇಡ್ತಾರೆ ಅಂತ ನಂಬಬೇಡಿ. ದಾರಿಯಲ್ಲಿ ಐದಾರು ಕೈ ಬದಲಾಗುತ್ತವೆ. ಯಾವ ಬದಿ ಮೇಲಾದರೂ ಸೋರದ ಹಾಗೆ ಕಟ್ಟಬೇಕು.

ಕ್ರಮ ಇದು. ಡಬ್ಬಿಯ ಬಾಯಿ ಒಣಬಟ್ಟೆಯಲ್ಲಿ ಒರೆಸಿ. ಎಣ್ಣೆ, ಉಪ್ಪುನೀರಿನ ಪಸೆ ಇದ್ದರೆ ಅಲ್ಯೂಮಿನಿಯಂ ಹಾಳೆಯ ಸೀಲ್ ಹಿಡಿಯುವುದಿಲ್ಲ. ಸೀಲ್ ಹಾಕಿ ಮುಚ್ಚಳ ಬಿಗಿದು, ಸುತ್ತ ಟೇಪ್ ಸುತ್ತಿ. ಡಬ್ಬಿಯನ್ನು ತಲೆಕೆಳಗಾಗಿ ಪೇಪರಿನ ಮೇಲೆ ರಾತ್ರಿ ಇಡೀ ಇಡಿ. ಬೆಳಿಗ್ಗೆ ಪೇಪರ್ ಒದ್ದೆಯಾಗದಿದ್ದರೆ ಮಾತ್ರ ಮುಂದೆ. ಆಮೇಲೆ ದಪ್ಪ ಪ್ಲಾಸ್ಟಿಕ್ ಚೀಲ ಎರಡು, ಒಂದರೊಳಗೆ ಒಂದು, ಗಾಳಿ ತೆಗೆದು ಗಂಟು. ಹೊರಗೆ 5 ಪದರದ ರಟ್ಟಿನ ಪೆಟ್ಟಿಗೆ. 10 ಕೆ.ಜಿ. ದಾಟಿದರೆ 7 ಪದರದ್ದು. ಡಬ್ಬಿ ಡಬ್ಬಿ ತಾಗದ ಹಾಗೆ ನಡುವೆ ರಟ್ಟಿನ ಅಡ್ಡಗೋಡೆ. ಪೆಟ್ಟಿಗೆ ಅಲ್ಲಾಡಿಸಿದರೆ ಒಳಗೆ ಸದ್ದು ಬರಬಾರದು.

ಉಪ್ಪುನೀರಿನಲ್ಲಿ ಹಾಕಿದ ಅಪ್ಪೆಮಿಡಿಗೆ ತಗಡಿನ ಡಬ್ಬಿ ಬೇಡ, ಉಪ್ಪು ತಿಂದು ತೂತು ಮಾಡ್ತದೆ. ಆಹಾರಕ್ಕೆ ಬಳಸುವ ದಪ್ಪ ಪ್ಲಾಸ್ಟಿಕ್ ಡಬ್ಬಿಯೇ ಆಗಬೇಕು. ಮಿಡಿ ಪೂರ್ತಿ ಮುಳುಗಿರಲಿ. ಮೇಲೆ ತೇಲಿದ್ದು ಮೆತ್ತಗಾಗ್ತದೆ.

ಜೋನಿ ಬೆಲ್ಲಕ್ಕೆ ಅದರ ತದ್ವಿರುದ್ಧ ತೊಂದರೆ. ತೆಳುವಾದ ಪಾಕದ ಜೋನಿ ಸೆಕೆಗೆ ಹುಳಿಯಲು ಶುರುವಾದರೆ ಗಾಳಿ ಹುಟ್ಟಿ ಮುಚ್ಚಳ ಎಬ್ಬಿಸುತ್ತದೆ. ಕಂಠಪೂರ್ತಿ ತುಂಬಬೇಡಿ, ಒಂದೂವರೆ ಇಂಚು ಜಾಗ ಬಿಡಿ. ಗಾಜಿನ ಬಾಟಲಿಯಲ್ಲಂತೂ ಕಳಿಸಲೇಬೇಡಿ. ಡಬ್ಬಿ ತುಂಬಿ ವಾರ ಇಟ್ಟು ಮುಚ್ಚಳ ಉಬ್ಬದಿದ್ದರೆ ಕಳಿಸಬಹುದು.

ಹಪ್ಪಳದ ಪೆಟ್ಟಿಗೆ:
ಉಪಕಾರ ಆಯ್ತು. ನಾಳೆಯೇ ಬೇಕು ಅನ್ನುವವರಿಗೆ ಬಸ್ಸು ಆದೀತಾ?

ರಾತ್ರಿ ಬಸ್ಸು:
ಆಗ್ತದೆ, ಅದಕ್ಕಿಂತ ಬೇಗದ್ದು ಇಲ್ಲ. ಶಿರಸಿ ಬೆಂಗಳೂರು ಸುಮಾರು 400 ಕಿ.ಮೀ. ಸಂಜೆ ಕೊಟ್ಟದ್ದು ಬೆಳಿಗ್ಗೆ ಅಲ್ಲಿರ್ತದೆ. ಸರ್ಕಾರಿ ಬಸ್ಸಿನಲ್ಲಿ 'ನಮ್ಮ ಕಾರ್ಗೋ' 2021ರ ಫೆಬ್ರುವರಿಯಿಂದ ಇದೆ. ಬಸ್ ನಿಲ್ದಾಣದ ಕೌಂಟರಿನಲ್ಲಿ ತೂಕ ಮಾಡಿ ರಸೀದಿ ಕೊಡ್ತಾರೆ. ಖಾಸಗಿ ಸ್ಲೀಪರ್ ಬಸ್ಸಿನವರದ್ದು ಅವರವರದೇ ಪಾರ್ಸೆಲ್ ಆಫೀಸು.

ನೆನಪಿಡಬೇಕಾದ್ದು: ಬಸ್ಸು ಮನೆಗೆ ತಲುಪಿಸುವುದಿಲ್ಲ. ಗಿರಾಕಿಯೇ ರಸೀದಿ ನಂಬರು, ಗುರುತಿನ ಚೀಟಿ ಹಿಡಿದು ಹೋಗಿ ಬಿಡಿಸಿಕೊಳ್ಳಬೇಕು. ತಡ ಮಾಡಿದರೆ ಇಟ್ಟುಕೊಂಡದ್ದಕ್ಕೆ ಬೇರೆ ದುಡ್ಡು. ಹೆಸರು, ಮೊಬೈಲ್ ನಂಬರು ಪೆಟ್ಟಿಗೆಯ ಎರಡು ಬದಿಗೆ ಬರೆಯಿರಿ, ಒಂದು ಬದಿ ಉಜ್ಜಿಹೋಗುವುದು ಖಂಡಿತ. ರಸೀದಿ ಇಲ್ಲದೆ ಚಾಲಕರ ಕೈಯಲ್ಲಿ ಕೊಡುವ ರೂಢಿ ಬಿಡಿ. ಕಳೆದುಹೋದರೆ ಕೇಳಲು ಯಾವ ಆಧಾರವೂ ಉಳಿಯುವುದಿಲ್ಲ, ಪಾಪ ಆ ಚಾಲಕನ ನೌಕರಿಗೂ ತೊಂದರೆ.

ಡಿಕ್ಕಿಯಲ್ಲಿ ಎಂಜಿನ್ ಹತ್ತಿರದ ಭಾಗ ಬಿಸಿ ಇರ್ತದೆ. ಮೇಲೆ ಹೇಳಿದ ಜೋನಿ ಬೆಲ್ಲ, ತುಪ್ಪ ಇದ್ದರೆ ಎಂಜಿನ್ನಿನಿಂದ ದೂರದ ಡಿಕ್ಕಿಯಲ್ಲಿಡಲು ಕೇಳಿ.

ಚಾಲಿ ಮೂಟೆ:
ಈಗ ಮೂಟೆ ಲೆಕ್ಕದವರಿಗೆ.

ಟಾಟಾ ಏಸ್‌ಗೆ ಮುಕ್ಕಾಲು ಟನ್, ಬೊಲೆರೋ ಪಿಕಪ್‌ಗೆ ಒಂದೂವರೆ ಟನ್ ಆಸುಪಾಸು. ಅದಕ್ಕಿಂತ ದೊಡ್ಡದು ಟಾಟಾ 407, ಐಶರ್, ಆಮೇಲೆ ಆರು ಚಕ್ರದ ಲಾರಿ. 20–25 ಮೂಟೆ ಇದ್ದರೆ ಪಿಕಪ್ ಮಾಡಿ ಹುಬ್ಬಳ್ಳಿ ಗೋಡೌನಿಗೆ ಹಾಕಿ, ಅಲ್ಲಿಂದ ಬಿಡಿ ಲೋಡಿನಲ್ಲಿ (ಬೇರೆಯವರ ಮಾಲಿನ ಜೊತೆ) ಕಳಿಸುವುದೇ ಸರಿ. ಶಿರಸಿಯಿಂದಲೇ ಪೂರ್ತಿ ಲಾರಿ ಹಿಡಿಯುವುದು ತುಂಬುವಷ್ಟು ಮಾಲಿದ್ದರೆ ಮಾತ್ರ. ಅರ್ಧ ತುಂಬಿದ ಲಾರಿಗೂ ಬಾಡಿಗೆ ಪೂರ್ತಿಯೇ. ಬಾಡಿಗೆ ಮಾತಾಡುವಾಗ ಹಮಾಲಿ ಯಾರದ್ದು, ಇಳಿಸುವ ಕೂಲಿ ಯಾರದ್ದು, ಕಾಯಿಸಿದರೆ ದಿನಕ್ಕೆಷ್ಟು, ಇಷ್ಟನ್ನೂ ಬಾಡಿಗೆ ಚೀಟಿಯಲ್ಲೇ ಬರೆಸಿ.

ಮೂಟೆ ಕಟ್ಟುವುದರಲ್ಲಿ ಒಂದು ತಪ್ಪು ಬಹಳ ಜನ ಮಾಡ್ತಾರೆ. ಮಳೆಗಾಲ ಅಂತ ಗೋಣಿಯೊಳಗೆ ಪ್ಲಾಸ್ಟಿಕ್ ಚೀಲ ಹಾಕುವುದು. ಗರಿಗರಿ ಒಣಗಿದ ಅಡಿಕೆಗೆ ಅದು ಒಳ್ಳೆಯದೇ, ಹೊರಗಿನ ಥಂಡಿ ಎಳೆಯುವುದಿಲ್ಲ. ಒಳಗೆ ಸ್ವಲ್ಪ ಪಸೆ ಉಳಿದಿದ್ದರೆ ಅದೇ ಪ್ಲಾಸ್ಟಿಕ್ ಶತ್ರು. ಬಯಲುಸೀಮೆಯ ಬಿಸಿಲಿಗೆ ಆ ಪಸೆ ಆವಿಯಾಗಿ, ರಾತ್ರಿ ತಂಪಿಗೆ ಚೀಲದ ಒಳಮೈಯಲ್ಲಿ ಬೆವರುತ್ತದೆ, ಮೂರ್ನಾಲ್ಕು ದಿನದ ದಾರಿಯಲ್ಲಿ ಬೂಸ್ಟು ಹಿಡಿಯುತ್ತದೆ. ಅಡಿಕೆ ಒಡೆದು ಒಳಗೆ ನೋಡಿ, ಸಂಶಯ ಇದ್ದರೆ ಇನ್ನೆರಡು ದಿನ ಒಣಗಿಸಿ. ಕಾಳುಮೆಣಸಿಗೆ ತೇವಾಂಶದ ಮೀಟರ್ ಇಟ್ಟು 12 ಶೇಕಡಾಕ್ಕಿಂತ ಕೆಳಗಿದ್ದರೆ ಮಾತ್ರ ಪ್ಲಾಸ್ಟಿಕ್.

ಲಾರಿಯ ತಳಕ್ಕೆ ಮೊದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಒಣಹುಲ್ಲು ಅಥವಾ ಹಲಗೆ, ಆಮೇಲೆ ಮೂಟೆ. ಚಕ್ರದ ನೀರು ಹಲಗೆಯ ಸಂದಿಯಿಂದ ಮೇಲೆ ಬರ್ತದೆ, ತಳದ ಸಾಲೇ ಮೊದಲು ಹಾಳಾಗುವುದು. ಮೇಲೆ ತಾಡಪಾಲು ಎರಡು. ಮುಂದಿನದ್ದು ಹಿಂದಿನದರ ಮೇಲೆ ಕನಿಷ್ಠ 3 ಅಡಿ ಬರಬೇಕು. ಅದಲು ಬದಲಾದರೆ ಗಾಡಿ ಓಡುವಾಗ ಗಾಳಿ ಸಂದಿಯೊಳಗೆ ಮಳೆ ನುಗ್ಗಿಸ್ತದೆ. ಹಗ್ಗವನ್ನು ಘಟ್ಟ ಇಳಿದ ಮೇಲೆ ಅಥವಾ ಹುಬ್ಬಳ್ಳಿ ಮುಟ್ಟಿದ ಮೇಲೆ ಒಮ್ಮೆ ಮತ್ತೆ ಬಿಗಿಯಲು ಚಾಲಕರಿಗೆ ಹೇಳಿ, ಮೂಟೆ ಕೂತ ಮೇಲೆ ಹಗ್ಗ ಸಡಿಲಾಗಿರ್ತದೆ.

ಬಿಲ್ಟಿ:
ಕಾಗದಪತ್ರದ ವಿಷಯ ಮರೆತರೆ ಮಾಲು ತಪಾಸಣೆಯಲ್ಲಿ ನಿಲ್ಲುತ್ತದೆ.

ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಜಿಎಸ್‌ಟಿಯವರ ಆನ್‌ಲೈನ್ ಸಾಗಣೆ ಪತ್ರ) ಬೇಕು. ಅದಕ್ಕೆ ಎರಡು ಭಾಗ. 'ಎ' ಭಾಗದಲ್ಲಿ ಮಾಲು, ಬಿಲ್ಲು, ಎರಡೂ ಕಡೆಯ ಪಿನ್. 'ಬಿ' ಭಾಗದಲ್ಲಿ ಗಾಡಿ ನಂಬರು. ಅವಧಿ ಎಣಿಕೆ ಶುರುವಾಗುವುದು 'ಬಿ' ಭಾಗ ತುಂಬಿದ ಮೇಲೆ. 'ಎ' ಒಂದನ್ನೇ ತುಂಬಿ ಗಾಡಿ ಹೊರಡಿಸಿದರೆ ಅದು ಬಿಲ್ ಇಲ್ಲದ ಹಾಗೆಯೇ. ಅದೇ ರಾಜ್ಯದೊಳಗೆ ಟ್ರಾನ್ಸ್‌ಪೋರ್ಟ್ ಗೋಡೌನಿಗೆ 50 ಕಿ.ಮೀ. ತನಕ ಒಯ್ಯಲು 'ಬಿ' ಬೇಡ ಎಂಬ ವಿನಾಯಿತಿ ಇದೆ. ಶಿರಸಿಯವರು ಇಲ್ಲೇ ಎಡವುವುದು: ಹುಬ್ಬಳ್ಳಿ 100 ಕಿ.ಮೀ., ಆ ವಿನಾಯಿತಿ ನಮಗೆ ಸಿಗುವುದಿಲ್ಲ. ಪಿಕಪ್ ನಂಬರನ್ನು ಮೊದಲು ತುಂಬಿ, ಹುಬ್ಬಳ್ಳಿಯಲ್ಲಿ ಲಾರಿ ಬದಲಾದಾಗ ಹೊಸ ನಂಬರು ಹಾಕಿಸಬೇಕು.

ಅವಧಿ 200 ಕಿ.ಮೀ.ಗೆ ಒಂದು ದಿನ. ಬೆಂಗಳೂರು 405 ಕಿ.ಮೀ. ಅಂತ ಬಂದರೆ 3 ದಿನ. ಗುಜರಾತಿಗೆ 1,200 ಕಿ.ಮೀ. ಇದ್ದರೆ 6 ದಿನ. ಘಟ್ಟ ಬಂದ್ ಆಗಿ, ಗಾಡಿ ಕೆಟ್ಟು ಅವಧಿ ಮೀರುವ ಹಾಗಿದ್ದರೆ, ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ಕಾರಣ ಕೊಟ್ಟು ವಿಸ್ತರಿಸಬಹುದು. ಅದು ದಾಟಿದರೆ ದಾರಿಯಿಲ್ಲ, ದಂಡವೇ. ತಪ್ಪಾಗಿ ಮಾಡಿದ ಬಿಲ್ಲನ್ನು 24 ಗಂಟೆಯೊಳಗೆ ರದ್ದು ಮಾಡಬೇಕು.

ಇನ್ನೊಂದು, ಬಿಲ್ಟಿಯಲ್ಲಿ (ಸಾಗಣೆದಾರರು ಕೊಡುವ ಮಾಲಿನ ರಸೀದಿ) ಮಾಲಿನ ಬೆಲೆ ಬರೆಸಿ. 'ಹೇಳಿದಂತೆ' ಅಂತ ಖಾಲಿ ಬಿಟ್ಟರೆ ಕಳೆದುಹೋದಾಗ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಂತುಹೋಗ್ತದೆ. 2007ರ ರಸ್ತೆ ಸಾಗಣೆ ಕಾಯ್ದೆ, 2011ರ ನಿಯಮ ಹಾಗೆ. 3,000 ರೂಪಾಯಿ ಬಾಡಿಗೆಯ ಮಾಲು ಎರಡು ಲಕ್ಷದ್ದಿರಬಹುದು, ಸಿಗುವುದು 30,000. ಹೆಚ್ಚಿನ ಬೆಲೆ ಬರೆಸಿದರೆ ಬಾಡಿಗೆ ಸ್ವಲ್ಪ ಏರೀತು, ಏರಲಿ. ದಾವೆ ಹೂಡುವ ಮೊದಲು ಲಿಖಿತ ನೋಟಿಸು ಕೊಡಬೇಕು, ಅದೂ ಬುಕ್ ಮಾಡಿದ ದಿನದಿಂದ 180 ದಿನದೊಳಗೆ. ಮಾತಿನಲ್ಲಿ ಭರವಸೆ ಕೊಡ್ತಾ ಕೊಡ್ತಾ ಈ ಗಡುವು ದಾಟಿಸುವವರಿದ್ದಾರೆ, ಎಚ್ಚರ. ದೊಡ್ಡ ಲೋಡಿಗೆ ಬೇರೆಯಾಗಿ ಸಾಗಣೆ ವಿಮೆ ಮಾಡಿಸಿ.

ಚಾಲಿ ಮೂಟೆ:
ಬಿಲ್ಟಿಯವರು ಹೇಳಿದ ಗಾಡಿ ಬದಲಾವಣೆಯ ಮಾತು ದಪ್ಪಕ್ಷರದಲ್ಲಿ ಬರೆಯುವಂಥದ್ದು ಮಾರಾಯ್ರೆ. ತಪಾಸಣೆಯಲ್ಲಿ ನಿಲ್ಲಿಸಿದಾಗ ಮೊದಲು ನೋಡುವುದೇ ಗಾಡಿಯ ನಂಬರು, ಇ-ವೇ ಬಿಲ್ಲಿನಲ್ಲಿ ತುಂಬಿದ ಗಾಡಿ ನಂಬರು ತಾಳೆ ಆಗ್ತದೋ ಅಂತ.

ಘಟ್ಟದ ಕೆಳಗೆ:
ರೈಲು ಪಾರ್ಸೆಲ್ ಬಗ್ಗೆ ಯಾರೂ ಬರೆಯಲಿಲ್ಲ. ಕುಮಟಾದಿಂದ ಬೈಕ್ ಮುಂಬೈಗೆ ಕಳಿಸುವುದಾದರೆ?

ಪಾರ್ಸೆಲ್ ವ್ಯಾನ್:
ಕುಮಟಾದಂಥ ನಡುವಿನ ನಿಲ್ದಾಣದಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ. ಅಷ್ಟರೊಳಗೆ ಬ್ರೇಕ್ ವ್ಯಾನಿನ (ಪಾರ್ಸೆಲ್ ತುಂಬುವ ಬೋಗಿ) ಬಾಗಿಲು ತೆಗೆದು ಬೈಕ್ ಏರಿಸುವುದು ಕಷ್ಟ. ವ್ಯಾನ್ ಮೊದಲೇ ತುಂಬಿ ಬಂದಿದ್ದರೆ ಆಗುವುದೇ ಇಲ್ಲ. ಹುಬ್ಬಳ್ಳಿ, ಮಡಗಾಂವ್, ಮಂಗಳೂರಿನಂಥ ಕಡೆ, ಅದರಲ್ಲೂ ಅಲ್ಲಿಂದಲೇ ಹೊರಡುವ ರೈಲಿಗೆ ಬುಕ್ ಮಾಡಿ. ಏರಿಸಲು ಹೊತ್ತು ಸಿಗ್ತದೆ, ಜಾಗವೂ ಸಿಗ್ತದೆ. ಶಿರಸಿಯವರಿಗೆ ಹುಬ್ಬಳ್ಳಿಯೇ ಅನುಕೂಲ.

ಬೈಕಿಗೆ: ಆರ್‌ಸಿ, ವಿಮೆ, ಗುರುತಿನ ಚೀಟಿಯ ನಕಲು. ಪೆಟ್ರೋಲ್ ಒಂದು ಹನಿ ಉಳಿಯದ ಹಾಗೆ ತೆಗೆಯಿರಿ, ಇದ್ದರೆ ಹತ್ತಿಸುವುದಿಲ್ಲ, ಅದು ಬೆಂಕಿಯ ಪ್ರಶ್ನೆ. ಕನ್ನಡಿ ಬಿಚ್ಚಿ ಬೇರೆ ಕಟ್ಟಿ. ಹೆಡ್‌ಲೈಟ್, ಟ್ಯಾಂಕ್, ಇಂಡಿಕೇಟರುಗಳಿಗೆ ರಟ್ಟು, ಹುಲ್ಲು ಇಟ್ಟು ಗೋಣಿ ಸುತ್ತಿ ಹೊಲಿಯಬೇಕು. ನಿಲ್ದಾಣದ ಹೊರಗೆ ಕಟ್ಟಿಕೊಡುವವರಿರ್ತಾರೆ. ಹೊರಡುವ ಮತ್ತು ಮುಟ್ಟುವ ನಿಲ್ದಾಣದ ಹೆಸರನ್ನು ಅಳಿಸದ ಶಾಯಿಯಲ್ಲಿ ದೊಡ್ಡದಾಗಿ ಬರೆಯಿರಿ. ಹಿಂದಿನ ದಿನವೇ ಒಯ್ದು ಬುಕ್ ಮಾಡಿ ರಸೀದಿ ಜೋಪಾನ ಮಾಡಿ, ಅದಿಲ್ಲದೆ ಆ ಕಡೆ ಬಿಡಿಸಿಕೊಳ್ಳುವುದು ದೊಡ್ಡ ಪಾಡು. ಮುಟ್ಟಿದ ಮೇಲೆ ಕೊಟ್ಟ ಅವಧಿ ದಾಟಿದರೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಏರ್ತದೆ.

ಘಟ್ಟದ ಕೆಳಗೆ:
ಶಿರಸಿಗೇ ರೈಲು ಬಂದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಬನವಾಸಿ ರಸ್ತೆ:
ನಿಜ. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ 2000ದಲ್ಲಿ ಅಡಿಗಲ್ಲು ಬಿತ್ತು, ಅರಣ್ಯದ ತಕರಾರಿನಲ್ಲಿ ನಿಂತಿತು. ಅದು ಬಂದರೂ ಯಲ್ಲಾಪುರದ ಕಡೆ ಹಾಯುತ್ತದೆ, ಶಿರಸಿಗಲ್ಲ. ತಾಳಗುಪ್ಪದಿಂದ ಸಿದ್ದಾಪುರ, ಶಿರಸಿ ಮೇಲೆ ಹುಬ್ಬಳ್ಳಿಗೆ ಎಂಬ ಬೇಡಿಕೆ ಹಳೆಯದು. ನಮ್ಮ ಕಾಡೂ ಉಳಿಯಬೇಕು, ನಮ್ಮ ಬೆಳೆಗೆ ದಾರಿಯೂ ಬೇಕು. ಅದನ್ನು ಬೇರೆಯೇ ಚರ್ಚೆಯಾಗಿ ಮಾಡೋಣ, ಇಲ್ಲಿ ಸಾಗಣೆಯ ಮಾತೇ ಇರಲಿ.

ಹಪ್ಪಳದ ಪೆಟ್ಟಿಗೆ:
ಹೊರದೇಶದಿಂದಲೂ ಹಪ್ಪಳ ಕೇಳ್ತಾರೆ. ಅಂಚೆಯಲ್ಲಿ ಆಗ್ತದಾ?

ಅಂಚೆ ಚೀಲ:
ಆಗ್ತದೆ. ಮನೆಯವರಿಗೆ ಉಡುಗೊರೆಯಾದರೆ ಕಸ್ಟಮ್ಸ್ ಘೋಷಣೆ ಪತ್ರ ಸಾಕು. ಅದರಲ್ಲಿ 'ತಿಂಡಿ' ಅಂತ ಒಂದೇ ಮಾತು ಬರೆಯಬೇಡಿ. ಹಲಸಿನ ಹಪ್ಪಳ, ಎಷ್ಟು ಕೆ.ಜಿ., ಬೆಲೆ ಎಷ್ಟು ಅಂತ ಬಿಡಿಸಿ ಬರೆಯಿರಿ. ಮಾರಾಟವಾದರೆ ರಫ್ತಿನ ಐಇಸಿ ನಂಬರು ಬೇಕು, ಬಿಲ್ಲು ಬೇಕು, ಅಂಚೆ ನಿರ್ಯಾತ ಕೇಂದ್ರದ ವ್ಯವಸ್ಥೆಯಲ್ಲಿ ಆನ್‌ಲೈನಾಗಿ ರಫ್ತು ಬಿಲ್ ತುಂಬಬೇಕು. ಮುಟ್ಟುವ ದೇಶದ ನಿಯಮ ಮೊದಲು ನೋಡಿ. ಅಡಿಕೆ, ಬೀಜ, ಜೇನಿಗೆ ಹಲವು ದೇಶಗಳಲ್ಲಿ ನಿರ್ಬಂಧ ಇದೆ. ಹಪ್ಪಳದಂಥ ಒಣ ತಿಂಡಿಗೆ ತೊಂದರೆ ಕಡಿಮೆ. ಅಮೆರಿಕಕ್ಕೆ 2025ರ ಆಗಸ್ಟ್ ಕೊನೆಯಲ್ಲಿ ಅಂಚೆ ಪಾರ್ಸೆಲ್ ನಿಲ್ಲಿಸಿ ಅಕ್ಟೋಬರ್ 15ರಿಂದ ಮತ್ತೆ ಶುರುಮಾಡಿದ್ದರು. ಸುಂಕದ ಪದ್ಧತಿ ಬದಲಾಗುತ್ತಲೇ ಇದೆ, ಗಿರಾಕಿಯಿಂದ ದುಡ್ಡು ತಗೊಳ್ಳುವ ಮೊದಲು ಕೌಂಟರಿನಲ್ಲಿ ಅಂದಿನ ಸ್ಥಿತಿ ಕೇಳಿ.

ರಾತ್ರಿ ಬಸ್ಸು:
ಒಂದು ಮರೆತಿದ್ದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ಬರ್ತದಲ್ಲ, ಆಗ ಜಾತ್ರೆ ನಡೆಯುವ ಬಿಡಕಿಬೈಲಿನ ಸುತ್ತ ಗಾಡಿ ಬಿಡುವುದಿಲ್ಲ, ಬಸ್ಸುಗಳಲ್ಲಿ ಜನ, ಅವರ ಸಾಮಾನು ತುಂಬಿ ಡಿಕ್ಕಿಯಲ್ಲಿ ಪಾರ್ಸೆಲ್‌ಗೆ ಜಾಗ ಸಿಗುವುದಿಲ್ಲ. ಆ ವಾರದ ಆರ್ಡರುಗಳನ್ನು ಜಾತ್ರೆಗೆ ಮೊದಲೇ ಕಳಿಸಿಬಿಡಿ.

ಹಪ್ಪಳದ ಪೆಟ್ಟಿಗೆ:
ಸರಿ. ಹಪ್ಪಳಕ್ಕೆ 30×30×20ರ ಪೆಟ್ಟಿಗೆ ಹೇಳಿಬಂದೆ. ಜೇನು ಅಂಚೆಗೆ, ಅಪ್ಪೆಮಿಡಿ ಡಬ್ಬಿಗಳು ಇವತ್ತು ರಾತ್ರಿ ಪೇಪರ್ ಮೇಲೆ ತಲೆಕೆಳಗೆ.